ಬೈಪಾಸ್ ಆದ್ಮೇಲೆ ಬಿ.ಎಚ್. ರಸ್ತೆ ಅಂಗಡಿಗಳ ಗತಿ ಏನು? ತರೀಕೆರೆ, ಕಡೂರು ಪೇಟೆಗೆ ಪ್ರವಾಸಿಗರನ್ನ ಕರೆಯೋಕೆ ಆಗುತ್ತಾ?

ತರೀಕೆರೆ: ಶನಿವಾರ ಬೆಳಗ್ಗೆ ಬಿ.ಎಚ್. ರಸ್ತೆಯಲ್ಲಿ ಒಂದು ಅರ್ಧ ಗಂಟೆ ನಿಂತು ನೋಡಿ. ಬೆಂಗಳೂರು ನಂಬರ್‌ನ ಕಾರುಗಳು ಒಂದರ ಹಿಂದೆ ಒಂದು ಹೋಗ್ತಾ ಇರ್ತವೆ. ಕೆಲವು ಶಿವಮೊಗ್ಗ, ಜೋಗದ ಕಡೆ. ಕೆಲವು ಲಿಂಗದಹಳ್ಳಿ ಮೇಲೆ ಕಲ್ಲತ್ತಿಗಿರಿ, ಕೆಮ್ಮಣ್ಣುಗುಂಡಿಗೆ. ಇನ್ನು ಕೆಲವು ಲಕ್ಕವಳ್ಳಿ ಡ್ಯಾಮ್ ಕಡೆ. ನಮ್ಮ ಪೇಟೆಯಲ್ಲಿ ಇವರು ನಿಲ್ಲೋದು ಎಷ್ಟು ಹೊತ್ತು? ಒಂದು ಕಾಫಿ, ಎರಡು ನೀರಿನ ಬಾಟಲ್, ಟಾಯ್ಲೆಟ್ ಎಲ್ಲಿದೆ ಅನ್ನೋ ಪ್ರಶ್ನೆ, ಅಷ್ಟೇ. ಹತ್ತು ನಿಮಿಷ.

ಆ ಹತ್ತು ನಿಮಿಷವೂ ಇನ್ನು ಮುಂದೆ ಗ್ಯಾರಂಟಿ ಇಲ್ಲ. ತುಮಕೂರು–ಶಿವಮೊಗ್ಗ ನಾಲ್ಕು ಪಥದ ಹೆದ್ದಾರಿ ಕಾಮಗಾರಿ ಹಲವು ವರ್ಷಗಳಿಂದ ನಡೀತಾ ಇರೋದು ಎಲ್ಲರಿಗೂ ಗೊತ್ತಿರೋದೇ. ಹೊಸ ರಸ್ತೆ ಕಡೂರು, ಬೀರೂರು, ತರೀಕೆರೆ ಪೇಟೆಗಳ ಒಳಗೆ ಬರಲ್ಲ, ಊರನ್ನ ಬಳಸ್ಕೊಂಡು ಹೊರಗಿನಿಂದ ಹೋಗುತ್ತೆ. ಪೂರ್ತಿ ಆದಮೇಲೆ ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಹೋಗೋರಿಗೆ ನಮ್ಮ ಊರು ಅಂದ್ರೆ ಒಂದು ಹಸಿರು ಬೋರ್ಡು, ಒಂದು ಬಾಣದ ಗುರುತು.

ಹಾಗಾಗಿ ಈಗ ಅಂಗಡಿ ಕಟ್ಟೆಗಳ ಮೇಲೆ ಒಂದು ಮಾತು ಓಡಾಡ್ತಾ ಇದೆ. ಹೇಗೂ ಲಾರಿ, ಬಸ್ಸು ಹೊರಗೆ ಹೋಗುತ್ತೆ, ಹಳೇ ಬಿ.ಎಚ್. ರಸ್ತೆ ಖಾಲಿ ಆಗುತ್ತೆ. ಆ ಜಾಗವನ್ನ ಲೈಟು, ಫುಟ್‌ಪಾತು, ತಿಂಡಿ ಬೀದಿ ಅಂತ ಮಾಡಿ ಪ್ರವಾಸಿಗರನ್ನ ಊರೊಳಗೆ ಕರೆದ್ರೆ ಹೇಗೆ? ಕೆಮ್ಮಣ್ಣುಗುಂಡಿಗೆ ಬರೋರು ಸಂಜೆ ನಮ್ಮ ಪೇಟೆಗೆ ಬರಲ್ವಾ?

ಸುಮ್ನೆ ಕನಸು ಅಂತ ತಳ್ಳಿಹಾಕೋ ಮಾತಲ್ಲ ಇದು. ಹಾಗಂತ ಒಂದು ಕಮಾನು ಕಟ್ಟಿ, ನಾಲ್ಕು ಬಣ್ಣದ ದೀಪ ಹಾಕಿದ್ರೆ ಆಗುವಂಥದ್ದೂ ಅಲ್ಲ. ಸ್ವಲ್ಪ ಬಿಡಿಸಿ ನೋಡೋಣ.

ಮೊದಲು, ಯಾರಿಗೆ ಪೆಟ್ಟು?

ಬೈಪಾಸ್ ಅಂದ ತಕ್ಷಣ ಎಲ್ಲಾ ಅಂಗಡಿಯವರಿಗೂ ನಡುಕ. ಅದಕ್ಕೆ ಕಾರಣ ಇಲ್ಲ. ನಮ್ಮ ಪೇಟೆಯ ಗಿರಾಕಿಗಳು ಮೂರು ತರ. ಒಂದು, ಸುತ್ತಲ ಹಳ್ಳಿಯವರು. ಅಡಿಕೆ ದುಡ್ಡು ಕೈಗೆ ಬಂದಾಗ ಬಟ್ಟೆ, ಬಂಗಾರ, ಪಾತ್ರೆ, ಪೈಪು, ಗೊಬ್ಬರ ಅಂತ ಬರೋರು. ಎರಡು, ಕೆಲಸಕ್ಕೆ ಬರೋರು. ತರೀಕೆರೆ ಉಪವಿಭಾಗದ ಕೇಂದ್ರ, ಎ.ಸಿ. ಆಫೀಸು ಇಲ್ಲಿದೆ, ಕೋರ್ಟು, ತಾಲ್ಲೂಕು ಕಚೇರಿ, ಆಸ್ಪತ್ರೆ ಇದೆ. ಕೇಸಿಗೆ, ಪಹಣಿಗೆ, ಸಹಿಗೆ ಬಂದೋರು ಊಟ ಮಾಡ್ತಾರೆ, ಜೆರಾಕ್ಸ್ ಮಾಡಿಸ್ತಾರೆ. ಮೂರನೆಯವರು ದಾರಿಹೋಕರು.

ಬೈಪಾಸ್ ಕಿತ್ಕೊಳ್ಳೋದು ಈ ಮೂರನೆಯವರನ್ನ ಮಾತ್ರ. ಅಂದ್ರೆ ಪೆಟ್ಟು ಬೀಳೋದು ರಸ್ತೆ ಬದಿ ಹೋಟೆಲು, ಟೀ ಅಂಗಡಿ, ಬೇಕರಿ, ಹಣ್ಣಿನ ಅಂಗಡಿ, ಪಂಕ್ಚರ್ ಅಂಗಡಿ, ಲಾಡ್ಜ್, ಪೆಟ್ರೋಲ್ ಬಂಕಿಗೆ. ಬಟ್ಟೆ ಅಂಗಡಿಗೆ, ಹಾರ್ಡ್‌ವೇರ್‌ಗೆ, ಬಂಗಾರದ ಅಂಗಡಿಗೆ ಬೈಪಾಸಿನಿಂದ ನಷ್ಟ ಇಲ್ಲ. ಇನ್ನೂ ಹೇಳ್ಬೇಕು ಅಂದ್ರೆ ಅವರಿಗೆ ಲಾಭವೇ. ಲಾರಿ ಇಲ್ಲದ ರಸ್ತೆಯಲ್ಲಿ ಹಳ್ಳಿಯಿಂದ ಬಂದೋರು ಮಗು ಕೈ ಹಿಡ್ಕೊಂಡು ನೆಮ್ಮದಿಯಾಗಿ ದಾಟಬಹುದು, ಬೈಕು ನಿಲ್ಲಿಸೋಕೆ ಜಾಗ ಸಿಗುತ್ತೆ.

ಇದು ಬೇರೆ ಕಡೆ ಆಗಿ ಹೋಗಿರೋ ವಿಷಯ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯನ್ನ ಪ್ರಧಾನಿ ಉದ್ಘಾಟಿಸಿದ್ದು 2023ರ ಮಾರ್ಚ್ 12ಕ್ಕೆ. ಬಿಡದಿ, ರಾಮನಗರ–ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲದಕ್ಕೂ ಬೈಪಾಸ್ ಬಂತು. ಆಮೇಲೆ ಹಳೇ ರಸ್ತೆಯಲ್ಲಿ ಸಾಲಾಗಿದ್ದ ಚನ್ನಪಟ್ಟಣದ ಗೊಂಬೆ ಅಂಗಡಿಗಳು, ಮದ್ದೂರು ವಡೆ ಹೋಟೆಲುಗಳು ವ್ಯಾಪಾರ ಬಿದ್ದುಹೋಯ್ತು ಅಂತ ಗೋಳಾಡಿದ್ದನ್ನ ಪೇಪರಲ್ಲಿ, ಟಿವಿಯಲ್ಲಿ ನೋಡಿದೀವಿ. ಚನ್ನಪಟ್ಟಣದ ಗೊಂಬೆ ಅಂದ್ರೆ ಸಣ್ಣ ಹೆಸರಲ್ಲ, ಭೌಗೋಳಿಕ ಗುರುತು ಸಿಕ್ಕಿರೋ ವಸ್ತು. ಮದ್ದೂರು ವಡೆ ಗೊತ್ತಿಲ್ಲದ ಕನ್ನಡಿಗ ಇಲ್ಲ. ಆದರೂ ಕಾರು ಕಣ್ಣೆದುರು ನಿಲ್ಲದಿದ್ರೆ ಹೆಸರು ಒಂದೇ ಸಾಲಲ್ಲ ಅನ್ನೋದು ಅಲ್ಲಿ ಗೊತ್ತಾಯ್ತು.

ಆದ್ರೆ ಶ್ರೀರಂಗಪಟ್ಟಣಕ್ಕೂ ಅದೇ ಬೈಪಾಸ್ ಬಂತಲ್ಲ? ಅಲ್ಲಿ ರಂಗನಾಥಸ್ವಾಮಿ ದೇವಸ್ಥಾನ, ದರಿಯಾ ದೌಲತ್, ಸಂಗಮ ನೋಡೋಕೆ ಅಂತಲೇ ಹೊರಟು ಬರೋರು ಇದ್ದಾರೆ. ಅವರು ಬೈಪಾಸ್ ಬಿಟ್ಟು ಇಳಿದು ಬರ್ತಾರೆ. ವ್ಯತ್ಯಾಸ ಇಷ್ಟೇ: ದಾರಿಯಲ್ಲಿ ಸಿಗೋ ಊರು ಬೇರೆ, ಹುಡುಕ್ಕೊಂಡು ಬರೋ ಊರು ಬೇರೆ. ತರೀಕೆರೆ, ಬೀರೂರು, ಕಡೂರು ಇಲ್ಲಿವರೆಗೆ ಮೊದಲನೇ ಸಾಲಿನವು.

ನೋಡೋಕೆ ಏನಿದೆ ಅನ್ನೋದು ಸಮಸ್ಯೆ ಅಲ್ಲ

ತರೀಕೆರೆ ಸುತ್ತ ಇರೋದನ್ನ ಪಟ್ಟಿ ಮಾಡಿದ್ರೆ ಬೇರೆ ತಾಲ್ಲೂಕಿನವರಿಗೆ ಹೊಟ್ಟೆ ಉರೀಬೇಕು. ಕೆಮ್ಮಣ್ಣುಗುಂಡಿ, ಒಂದು ಕಾಲಕ್ಕೆ ಭದ್ರಾವತಿ ಕಬ್ಬಿಣದ ಕಾರ್ಖಾನೆಗೆ ಅದಿರು ಕೊಟ್ಟ ಗುಡ್ಡ, ನಾಲ್ವಡಿ ಕೃಷ್ಣರಾಜ ಒಡೆಯರ್ ಬೇಸಿಗೆಗೆ ಬಂದು ಇರ್ತಿದ್ದ ಜಾಗ. ಅದಕ್ಕೇ ಕೆ.ಆರ್. ಹಿಲ್ಸ್ ಅನ್ನೋ ಹೆಸರು. ದಾರಿಯಲ್ಲಿ ಕಲ್ಲತ್ತಿಗಿರಿ, ಬಂಡೆ ಸಂದಿಯಲ್ಲಿ ವೀರಭದ್ರನ ಗುಡಿ, ಮೇಲಿಂದ ನೀರು. ಆಚೆ ಹೆಬ್ಬೆ ಜಲಪಾತ. ಇನ್ನೊಂದು ಕಡೆ ಲಕ್ಕವಳ್ಳಿಯ ಭದ್ರಾ ಅಣೆಕಟ್ಟು, 186 ಅಡಿ ತುಂಬಿ ಗೇಟು ತೆಗೆದ ದಿನ ಅಲ್ಲಿ ಕಾಲಿಡೋಕೆ ಜಾಗ ಇರಲ್ಲ. ಅದಕ್ಕೆ ಹೊಂದಿಕೊಂಡ ಭದ್ರಾ ಅಭಯಾರಣ್ಯ 1998ರಿಂದ ಹುಲಿ ಸಂರಕ್ಷಿತ ಪ್ರದೇಶ.

ಅಮೃತಾಪುರದ ಬಗ್ಗೆ ಸ್ವಲ್ಪ ಹೆಚ್ಚು ಹೇಳ್ಬೇಕು, ಯಾಕಂದ್ರೆ ನಮ್ಮೋರೇ ಎಷ್ಟೋ ಜನ ಅದನ್ನ ಒಳಗೆ ಹೋಗಿ ಸರಿಯಾಗಿ ನೋಡಿಲ್ಲ. ಪೇಟೆಯಿಂದ ಹತ್ತು ಕಿಲೋಮೀಟರ್ ಒಳಗೇ ಇರೋ ಅಮೃತೇಶ್ವರ ದೇವಸ್ಥಾನ 1196ರದ್ದು. ಹೊಯ್ಸಳ ಎರಡನೇ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ ಕಟ್ಟಿಸಿದ್ದು. ಹೊರಗೋಡೆ ಮೇಲೆ ಒಂದು ಕಡೆ ರಾಮಾಯಣದ 70 ಫಲಕ, ಇನ್ನೊಂದು ಕಡೆ ಕೃಷ್ಣನ ಕಥೆ ಮತ್ತು ಮಹಾಭಾರತ ಸೇರಿ ಇನ್ನೊಂದು 70. ಮುಂದೆ ಸೋಮನಾಥಪುರದಲ್ಲಿ ಹೆಸರು ಮಾಡಿದ ಶಿಲ್ಪಿ ಮಲ್ಲಿತಮ್ಮ ಕೆಲಸ ಶುರು ಮಾಡಿದ್ದು ಇಲ್ಲಿ ಅಂತಾರೆ. ಅಲ್ಲಿರೋ ಶಾಸನದ ಪದ್ಯ ಬರೆದವನು ಜನ್ನ. ಹಳಗನ್ನಡ ಪಾಠದಲ್ಲಿ ಓದ್ತೀವಲ್ಲ, ಅದೇ ಜನ್ನ. ಬೇಲೂರು, ಹಳೇಬೀಡಿಗೆ ಹೋಗೋರ ಸಂಖ್ಯೆಗೂ ಇಲ್ಲಿಗೆ ಬರೋರ ಸಂಖ್ಯೆಗೂ ಹೋಲಿಕೆ ಮಾಡೋ ಹಾಗೇ ಇಲ್ಲ.

ಕಡೂರು ಕಡೆ ಸಖರಾಯಪಟ್ಟಣದ ಅಯ್ಯನಕೆರೆ ಇದೆ, ಎಮ್ಮೆದೊಡ್ಡಿ ಕಡೆ ಮದಗದ ಕೆರೆ ಇದೆ, ಲಕ್ಷ್ಮೀಶ ಕವಿಯ ದೇವನೂರು ಇದೆ. ಅಜ್ಜಂಪುರದಲ್ಲಿ ಅಮೃತ್ ಮಹಲ್ ತಳಿ ಸಂವರ್ಧನಾ ಕೇಂದ್ರ ಇದೆ. ಮೈಸೂರು ಅರಸರ ಕಾಲದಲ್ಲಿ ಬೆಣ್ಣೆ ಚಾವಡಿ ಅಂತಿದ್ದದ್ದಕ್ಕೆ ಟಿಪ್ಪು ಅಮೃತ್ ಮಹಲ್ ಅಂತ ಹೆಸರಿಟ್ಟ. ವರ್ಷಕ್ಕೊಮ್ಮೆ ಕರುಗಳ ಹರಾಜಿಗೆ ಬೇರೆ ಬೇರೆ ಜಿಲ್ಲೆಯ ರೈತರು ಬಂದು ಲಕ್ಷಗಟ್ಟಲೆ ಕೊಟ್ಟು ಜೋಡಿ ಹೋರಿ ಹೊಡ್ಕೊಂಡು ಹೋಗ್ತಾರೆ.

ಇಷ್ಟೆಲ್ಲಾ ಇದ್ದೂ ದುಡ್ಡು ಪೇಟೆಗೆ ಯಾಕೆ ಬರ್ತಿಲ್ಲ? ಯಾಕಂದ್ರೆ ಇದ್ಯಾವುದೂ ಪೇಟೆಯಲ್ಲಿ ಇಲ್ಲ. ಎಲ್ಲಾ ಹತ್ತು, ಇಪ್ಪತ್ತು, ಮೂವತ್ತು ಕಿಲೋಮೀಟರ್ ಆಚೆ. ಕೆಮ್ಮಣ್ಣುಗುಂಡಿಗೆ ಬರೋರಿಗೆ ಬೀರೂರಿನಿಂದಲೇ ಲಿಂಗದಹಳ್ಳಿಗೆ ದಾರಿ ಇದೆ, ಚಿಕ್ಕಮಗಳೂರಿನಿಂದ ಬಾಬಾಬುಡನ್‌ಗಿರಿ ಮೇಲೂ ದಾರಿ ಇದೆ. ಎರಡರಲ್ಲೂ ತರೀಕೆರೆ ಪೇಟೆ ಸಿಗಲ್ಲ. ಲಕ್ಕವಳ್ಳಿಯಲ್ಲಿ ಜಂಗಲ್ ಲಾಡ್ಜಸ್‌ನ ರಿವರ್ ಟರ್ನ್ ಲಾಡ್ಜ್‌ಗೆ ಬರೋರು ಪ್ಯಾಕೇಜ್ ತಗೊಂಡಿರ್ತಾರೆ, ಊಟ, ತಿಂಡಿ, ಸಫಾರಿ, ದೋಣಿ ಎಲ್ಲಾ ಅದರೊಳಗೇ. ಹೋಂಸ್ಟೇಗೆ ಹೋಗೋರದ್ದೂ ಅದೇ ಕಥೆ. ರಾತ್ರಿ ಊಟಕ್ಕೆ ಅವರು ಇಪ್ಪತ್ತು ಕಿಲೋಮೀಟರ್ ಕತ್ತಲಲ್ಲಿ ಪೇಟೆಗೆ ಬರೋಕೆ ಒಂದು ಕಾರಣ ಬೇಕಲ್ಲ. ಆ ಕಾರಣ ಇವತ್ತು ನಾವು ಕೊಟ್ಟಿಲ್ಲ.

ಸಂಜೆ ಎಂಟು ಗಂಟೆ ಮೇಲೆ ನಮ್ಮ ಪೇಟೆಯಲ್ಲಿ ಬೆಳಕಿರೋದು ಎಲ್ಲಿ? ಮೆಡಿಕಲ್ ಶಾಪು, ಎರಡು ಮೂರು ಹೋಟೆಲು, ಎಗ್ ರೈಸ್ ಗಾಡಿ, ಉಳಿದದ್ದು ಬಾರು. ಹೆಂಡತಿ ಮಕ್ಕಳನ್ನ ಕರ್ಕೊಂಡು ಬಂದ ಪ್ರವಾಸಿ ಇರಲಿ, ನಮ್ಮ ಊರಿನ ಹೆಣ್ಣುಮಕ್ಕಳೇ ಆ ಹೊತ್ತಿಗೆ ಪೇಟೆಗೆ ಬರಲ್ಲ. ಮನರಂಜನೆ ಅಂದ್ರೆ ಬಾರು ಅಂತ ಯಾರಾದ್ರೂ ಯೋಜನೆ ಮಾಡಿದ್ರೆ ಅದು ಅಲ್ಲೇ ಸತ್ತಂಗೆ.

ಬೇರೆ ಊರುಗಳು ಏನು ಮಾಡಿದ್ವು

ಇಲ್ಲಿ ಅಂಗಡಿಯವರು ಗಮನ ಕೊಡಬೇಕಾದ ಒಂದು ಊರು ಮಧ್ಯಪ್ರದೇಶದ ಇಂದೋರ್. ಅಲ್ಲಿ ಸರಾಫಾ ಬಜಾರ್ ಅಂತ ಇದೆ. ಹಗಲೆಲ್ಲಾ ಅದು ಬಂಗಾರ ಬೆಳ್ಳಿ ಅಂಗಡಿಗಳ ಬೀದಿ. ರಾತ್ರಿ ಬಂಗಾರದೋರು ಶಟರ್ ಎಳೆದ ಮೇಲೆ ಅದೇ ಅಂಗಡಿಗಳ ಮುಂದೆ ತಿಂಡಿ ಗಾಡಿಗಳು ಬಂದು ನಿಲ್ತವೆ. ಮಧ್ಯರಾತ್ರಿ ದಾಟಿದ್ರೂ ಜನ. ಬಂಗಾರದ ಅಂಗಡಿಯವರು ಯಾಕೆ ಒಪ್ಪಿದ್ರು ಅಂದ್ರೆ, ರಾತ್ರಿ ಜನ ಇದ್ರೆ ಕಳ್ಳರ ಭಯ ಇಲ್ಲ ಅನ್ನೋದು ಅಲ್ಲಿಯ ಮಾತು. ಅಹಮದಾಬಾದಿನ ಮಾಣೆಕ್ ಚೌಕ್ ಕೂಡ ಹೀಗೇ, ಹಗಲು ಚಿನ್ನ ಬೆಳ್ಳಿ ವ್ಯಾಪಾರ, ರಾತ್ರಿ ತಿಂಡಿ.

ಇದರಲ್ಲಿ ನಮಗೆ ಬೇಕಾದ್ದು ಏನಂದ್ರೆ, ಅಲ್ಲಿ ಹೊಸ ಕಟ್ಟಡ ಕಟ್ಟಿ ಬೀದಿ ಹುಟ್ಟಿಸಲಿಲ್ಲ. ಒಂದೇ ಜಾಗವನ್ನ ಎರಡು ಹೊತ್ತು, ಇಬ್ಬರು ಬಳಸ್ಕೊಂಡ್ರು. ಶಟರ್ ಎಳೆದ ಅಂಗಡಿ ಮುಂದಿನ ಜಾಗ ನಮ್ಮ ಊರಲ್ಲೂ ಪ್ರತಿ ರಾತ್ರಿ ಸುಮ್ನೆ ಬಿದ್ದಿರುತ್ತೆ.

ಬೆಂಗಳೂರಿನ ವಿ.ವಿ. ಪುರಂ ತಿಂಡಿ ಬೀದಿ ಗೊತ್ತೇ ಇದೆ. ಸಜ್ಜನ್‌ರಾವ್ ಸರ್ಕಲ್ ಹತ್ರ ಸಣ್ಣ ರಸ್ತೆ, ಅವರೆಕಾಯಿ ಕಾಲದಲ್ಲಿ ಅವರೆಬೇಳೆ ಮೇಳ ಆ ಬೀದಿಗೆ ಹೆಸರು ತಂದಿತ್ತು. ಆದ್ರೆ ಅಲ್ಲಿ ವಾಸ ಇರೋ ಮನೆಯವರು ಕಸ, ಗಲಾಟೆ, ಗೇಟ್ ಮುಂದೆ ನಿಲ್ಲೋ ಬೈಕು ಅಂತ ವಿರೋಧ ಮಾಡಿದ್ದೂ ಅಷ್ಟೇ ನಿಜ. ಇದನ್ನ ಮರೀಬಾರದು, ಯಾಕಂದ್ರೆ ನಮ್ಮ ಪೇಟೆಯಲ್ಲಿ ಕೆಳಗೆ ಅಂಗಡಿ ಮೇಲೆ ಮನೆ ಇರೋದೇ ಜಾಸ್ತಿ. ರಾತ್ರಿ ಹತ್ತಕ್ಕೆ ಮೈಕ್ ಹಾಕಿದ್ರೆ ಮೊದಲು ಬಾಗಿಲು ತೆಗೆದು ಬೈಯೋರು ಮೇಲಿನ ಮನೆಯ ಅಜ್ಜಿ.

ಚರ್ಚ್ ಸ್ಟ್ರೀಟ್‌ನಲ್ಲಿ 2020ರ ನವೆಂಬರಿನಿಂದ ಕೆಲವು ತಿಂಗಳು ಶನಿವಾರ, ಭಾನುವಾರ ವಾಹನ ನಿಲ್ಲಿಸಿ ಬರೀ ನಡೆಯೋರಿಗೆ ಬಿಟ್ಟಿದ್ರು. ಚರ್ಚ್ ಸ್ಟ್ರೀಟ್ ಎಲ್ಲಿ ತರೀಕೆರೆ ಎಲ್ಲಿ ಅಂತ ನಗಬೇಡಿ. ವಾರಕ್ಕೆ ಎರಡು ದಿನ ಮಾತ್ರ ಮಾಡಿ ನೋಡಬಹುದು ಅನ್ನೋದಕ್ಕೆ ಈ ಉದಾಹರಣೆ. ಒಂದು ರಸ್ತೆ, ಎರಡು ಸಂಜೆ, ಎರಡು ಬ್ಯಾರಿಕೇಡ್. ಸರಿ ಹೋಗ್ಲಿಲ್ಲ ಅಂದ್ರೆ ತೆಗೆದು ಹಾಕೋದು. ಕೋಟಿ ಕೋಟಿ ಸುರಿದು ಗ್ರಾನೈಟ್ ಹಾಸಿ ಆಮೇಲೆ ಜನ ಬರ್ಲಿಲ್ಲ ಅನ್ನೋದಕ್ಕಿಂತ ಇದು ವಾಸಿ.

ನಮ್ಮಲ್ಲಿ ಜನ ಸೇರಲ್ಲ ಅನ್ನೋದು ಸುಳ್ಳು

ಸಂತೆ ದಿನ ನೋಡಿ. ಯಾರೂ ಜಾಹೀರಾತು ಕೊಡಲ್ಲ, ಯಾವ ಇಲಾಖೆನೂ ಉದ್ಘಾಟನೆ ಮಾಡಲ್ಲ. ಹೋಬಳಿಯೆಲ್ಲಾ ಆಟೋ, ಟೆಂಪೋ, ಬಸ್ಸು ಹತ್ತಿ ಬರುತ್ತೆ. ಮೂರು ನಾಲ್ಕು ಗಂಟೆ ಪೇಟೆಯಲ್ಲೇ ಇರ್ತಾರೆ, ಮಂಡಕ್ಕಿ ಮಿರ್ಚಿ ತಿಂತಾರೆ, ತರಕಾರಿ ಜೊತೆ ಒಂದು ನೈಟಿ, ಒಂದು ಚಪ್ಪಲಿ ತಗೊಂಡು ಹೋಗ್ತಾರೆ. ಪೇಟೆ ಜೀವಂತ ಆಗೋಕೆ ಏನೇನು ಬೇಕು ಅಂತ ದೊಡ್ಡ ದೊಡ್ಡ ವರದಿ ಬರೆಯೋರು ಹೇಳೋದೆಲ್ಲಾ ಸಂತೆಯಲ್ಲಿದೆ: ಗೊತ್ತಿರೋ ದಿನ, ಗೊತ್ತಿರೋ ಜಾಗ, ಒಂದೇ ಕಡೆ ಹತ್ತಾರು ತರದ ವಸ್ತು, ತಿನ್ನೋಕೆ ಏನಾದ್ರೂ, ನಡ್ಕೊಂಡು ಸುತ್ತೋಕೆ ಜಾಗ.

ರಾತ್ರಿ ಜನ ಬರಲ್ಲ ಅನ್ನೋರು ಬೀರೂರಿಗೆ ಹೋಗಿ. ವಿಜಯದಶಮಿ ಹೊತ್ತಿಗೆ ಮೈಲಾರಲಿಂಗಸ್ವಾಮಿ ಕಾರ್ಣಿಕ ಕೇಳೋಕೆ ಬೆಳಗಿನ ಜಾವ ಕತ್ತಲಲ್ಲೇ ಮಹಾನವಮಿ ಬಯಲು ತುಂಬಿರುತ್ತೆ. ಅಂತರಘಟ್ಟೆ ದುರ್ಗಾಂಬಾ ಜಾತ್ರೆಗೆ ಪಾನಕದ ಗಾಡಿ ಕಟ್ಕೊಂಡು ಎಲ್ಲೆಲ್ಲಿಂದ ಎತ್ತುಗಳು ಓಡಿ ಬರ್ತವೆ ಅನ್ನೋದು ಅಜ್ಜಂಪುರ ಕಡೆಯೋರಿಗೆ ನಾನು ಹೇಳ್ಬೇಕಾಗಿಲ್ಲ. ತರೀಕೆರೆಯಲ್ಲಿ ದಸರಾ ಕುಸ್ತಿಗೆ ಸೇರೋ ಜನ ನೋಡಿದ್ರೆ ಸಾಕು. ಕೊರತೆ ಇರೋದು ಜನಕ್ಕಲ್ಲ. ಇವೆಲ್ಲಾ ವರ್ಷಕ್ಕೊಂದು ಸಲ ಆಗೋವು. ಅಂಗಡಿ ಬಾಡಿಗೆ ಮಾತ್ರ ತಿಂಗಳು ತಿಂಗಳು ಕಟ್ಟಬೇಕು.

ಹಾಗಾಗಿ ನನ್ನ ಲೆಕ್ಕದಲ್ಲಿ ಮೂರು ಊರಿಗೂ ಒಂದೇ ಮದ್ದು ಇಲ್ಲ.

ಅಜ್ಜಂಪುರ ದಿನಾ ಪ್ರವಾಸಿಗರು ಬರೋ ಪೇಟೆ ಆಗೋದು ಕಷ್ಟ. ಅದಕ್ಕೆ ಹರಾಜು, ಜಾತ್ರೆ, ನಾಟಕದಂಥ ದಿನಗಳೇ ಬಲ. ಆ ದಿನಗಳಿಗೆ ತಯಾರಾದ್ರೆ ಸಾಕು. ಕಡೂರು, ಬೀರೂರು ರೈಲು ಜಂಕ್ಷನ್‌ಗಳು. ಕಡೂರಿನಿಂದ ಚಿಕ್ಕಮಗಳೂರಿಗೆ 2013ರಲ್ಲಿ ರೈಲು ಶುರುವಾಯ್ತು, ರಸ್ತೆಯಲ್ಲಿ ಚಿಕ್ಕಮಗಳೂರು 40 ಕಿಲೋಮೀಟರ್. ಇಲ್ಲಿ ಜನ ಇಳಿದು ಹತ್ತೋದು ಇದ್ದೇ ಇರುತ್ತೆ. ಆದ್ರೆ ಹತ್ತಿರದಲ್ಲೇ ಚಿಕ್ಕಮಗಳೂರು ಇರುವಾಗ ಪ್ರವಾಸಿ ರಾತ್ರಿ ಕಡೂರಲ್ಲಿ ಯಾಕೆ ಉಳೀತಾನೆ? ಇಲ್ಲಿಗೆ ಬೇಕಾಗಿರೋದು ಮನರಂಜನೆ ಬೀದಿ ಅಲ್ಲ. ಬೈಪಾಸ್ ಬಿಟ್ಟು ಒಳಗೆ ಬಂದು ಊಟ ಮಾಡಿ ಹೋಗುವಂಥ ಒಳ್ಳೇ ಹೋಟೆಲು, ಚೊಕ್ಕ ಟಾಯ್ಲೆಟ್ಟು, ಕಾರು ನಿಲ್ಲಿಸೋ ಜಾಗ, ಹೆದ್ದಾರಿಯಲ್ಲಿ ಕಾಣೋ ಬೋರ್ಡು.

ತರೀಕೆರೆಗೆ ಮಾತ್ರ ಒಂದು ಅವಕಾಶ ಇದೆ ಅಂತ ನನಗನ್ಸುತ್ತೆ. ಕಾರಣ, ಒಂದು ಕಡೆ ಕೆಮ್ಮಣ್ಣುಗುಂಡಿ, ಒಂದು ಕಡೆ ಲಕ್ಕವಳ್ಳಿ, ಒಂದು ಕಡೆ ಅಮೃತಾಪುರ, ನಡುವೆ ಪೇಟೆ. ಒಂದು ಜಾಗದಿಂದ ಇನ್ನೊಂದಕ್ಕೆ ಹೋಗಬೇಕಾದ್ರೆ ಇಲ್ಲಿ ದಾಟಲೇಬೇಕು. ಬೆಂಗಳೂರು–ಶಿವಮೊಗ್ಗ ಲೈನಿನ ರೈಲು ನಿಲ್ದಾಣ ಊರಲ್ಲೇ ಇದೆ. ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣ 2023ರ ಫೆಬ್ರವರಿಯಲ್ಲಿ ಉದ್ಘಾಟನೆ ಆದಮೇಲೆ ಆ ಕಡೆಯಿಂದ ಬರೋರಿಗೂ ನಾವು ಹತ್ತಿರ. ಮೇಲಾಗಿ ಮುಳ್ಳಯ್ಯನಗಿರಿ ಕಡೆ ಈಗ ಆನ್‌ಲೈನ್ ಬುಕಿಂಗ್, ದಿನಕ್ಕಿಷ್ಟೇ ವಾಹನ ಅಂತ ಮಿತಿ ಬಂದಿದೆ. ಅಲ್ಲಿ ಜಾಗ ಸಿಗದೋರು ಬೇರೆ ಕಡೆ ನೋಡ್ತಾರೆ.

ಊರಿಗೆ ಹೆಸರೂ ಇದೆ. ರಾಜ್ಯದ ಯಾವ ಮೂಲೆಯ ಮಗುವನ್ನ ಕೇಳಿ, ತರೀಕೆರೆ ಏರಿ ಅಂದ ತಕ್ಷಣ ನಾಲಿಗೆ ತೊಡರೋ ಆ ಕುರಿಮರಿ ಮಾತು ಶುರು ಮಾಡುತ್ತೆ. ಇಷ್ಟು ಪುಕ್ಕಟೆ ಪ್ರಚಾರ ಇರೋ ಕೆರೆ ಏರಿ ಮೇಲೆ ಒಂದು ಫೋಟೋ ತೆಗೆಸ್ಕೊಳ್ಳೋ ಜಾಗ ಮಾಡಬೇಕು ಅಂತ ಯಾರಿಗೂ ಹೊಳೆದಿಲ್ಲ. ಮೂರು ಕುರಿಮರಿ ಗೊಂಬೆ ನಿಲ್ಲಿಸಿದ್ರೂ ಇನ್‌ಸ್ಟಾಗ್ರಾಂನಲ್ಲಿ ಓಡುತ್ತೆ. ತಮಾಷೆಗೆ ಹೇಳ್ತಿಲ್ಲ. ಪಾಳೇಗಾರರ ಊರು, 1830ರ ನಗರ ದಂಗೆಯಲ್ಲಿ ಎದ್ದು ನಿಂತ ಊರು ಅನ್ನೋ ಇತಿಹಾಸ ಇದೆ. ನರಸಿಂಹರಾಜಪುರಕ್ಕೆ ಸಣ್ಣ ಹಳಿಯ ರೈಲು ಓಡ್ತಿದ್ದ ಊರು ಅಂತ ಹೇಳೋಕೆ ಒಂದು ಬೋರ್ಡಾದ್ರೂ ಹಾಕಬಹುದು.

ದುಡ್ಡಿನ ಲೆಕ್ಕ

ಸುಮ್ನೆ ಒಂದು ಲೆಕ್ಕ ಹಾಕೋಣ. ಇದು ಸಮೀಕ್ಷೆ ಅಲ್ಲ, ಅಂದಾಜಿಗೆ ಒಂದು ಉದಾಹರಣೆ. ಶನಿವಾರ ಸಂಜೆ 50 ಕಾರು ಪೇಟೆಗೆ ಬಂತು ಅಂತ ಇಟ್ಕೊಳ್ಳಿ. ಕಾರಿಗೆ ನಾಲ್ಕು ಜನ, ಒಬ್ಬರು 200 ರೂಪಾಯಿ ತಿಂದ್ರೆ 40,000 ರೂಪಾಯಿ. ಹತ್ತು ತಿಂಡಿ ಗಾಡಿಗೆ ಹಂಚಿದ್ರೆ ಒಬ್ಬೊಬ್ಬರಿಗೆ 4,000. ಸಾಮಾನು, ಗ್ಯಾಸು, ಕೆಲಸದೋರ ಕೂಲಿ ಕಳೆದು ಉಳಿಯೋದು ಎಷ್ಟು ಅಂತ ಗಾಡಿಯವರಿಗೇ ಗೊತ್ತು. ವಾರಕ್ಕೆ ಎರಡು ಸಂಜೆ ಇದು ಬಂದ್ರೆ ಪರವಾಗಿಲ್ಲ. ಆದ್ರೆ ಮಳೆಗಾಲದ ನಡುವೆ, ಪರೀಕ್ಷೆ ತಿಂಗಳಲ್ಲಿ 50 ಕಾರು 5 ಆಗುತ್ತೆ.

ಈ ಲೆಕ್ಕದಿಂದ ಗೊತ್ತಾಗೋದು ಏನಂದ್ರೆ, ಪ್ರವಾಸಿಗರನ್ನೇ ನಂಬ್ಕೊಂಡು ಬೀದಿ ನಡೆಯಲ್ಲ. ಮೊದಲು ಊರಿನೋರು ಬರಬೇಕು. ಭದ್ರಾವತಿ, ಅಜ್ಜಂಪುರ, ಲಿಂಗದಹಳ್ಳಿ ಕಡೆಯವರು ಭಾನುವಾರ ಸಂಜೆ ಮಕ್ಕಳನ್ನ ಕರ್ಕೊಂಡು ಹೋಗೋಣ ಅನ್ನೋ ಜಾಗ ಆಗಬೇಕು. ಊರಿನೋರೇ ತುಂಬಿರೋ ಬೀದಿ ನೋಡಿದ್ರೆ ಹೊರಗಿನೋರು ತಾವಾಗಿ ಕಾರು ನಿಲ್ಲಿಸ್ತಾರೆ. ಖಾಲಿ ಹೋಟೆಲಿಗೆ ನಾವೂ ಹೋಗಲ್ಲ ತಾನೆ?

ತಿನ್ನೋದು ಏನು ಅನ್ನೋದೂ ಮುಖ್ಯ. ಬೆಂಗಳೂರಿನೋರು ಗೋಬಿ ಮಂಚೂರಿ ತಿನ್ನೋಕೆ ಇನ್ನೂರು ಚಿಲ್ಲರೆ ಕಿಲೋಮೀಟರ್ ಬರಲ್ಲ. ನಮ್ಮದು ಮಲೆನಾಡು, ಬಯಲುಸೀಮೆ ಸೇರೋ ಜಾಗ. ಕಡುಬು, ಅಕ್ಕಿ ರೊಟ್ಟಿ ಎಣ್ಗಾಯಿ, ಕಳಲೆ, ಬೆಣ್ಣೆ ದೋಸೆ, ಮಂಡಕ್ಕಿ ಖಾರ, ಎರಡೂ ಕಡೆಯದ್ದೂ ಒಂದೇ ಬೀದಿಯಲ್ಲಿ ಸಿಗಬಹುದಾದ ಊರುಗಳು ಕಡಿಮೆ. ಸ್ತ್ರೀಶಕ್ತಿ ಸಂಘದ ಹೆಂಗಸರು ಮಾಡೋ ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಈಗ ವರ್ಷಕ್ಕೊಮ್ಮೆ ಮೇಳದಲ್ಲಿ ಮಾತ್ರ ಕಾಣುತ್ತೆ. ಅದಕ್ಕೆ ವಾರಕ್ಕೆರಡು ಸಂಜೆ ನಾಲ್ಕಡಿ ಟೇಬಲ್ ಜಾಗ ಸಾಕು.

ಕಾನೂನು ಏನು ಹೇಳುತ್ತೆ

ಬೀದಿ ವ್ಯಾಪಾರಿಗಳನ್ನ ಪುರಸಭೆ ಮನಸ್ಸು ಬಂದಾಗ ಎತ್ತಂಗಡಿ ಮಾಡೋ ಹಾಗಿಲ್ಲ. ಬೀದಿ ಬದಿ ವ್ಯಾಪಾರಿಗಳ ಕಾಯ್ದೆ 2014ರಲ್ಲೇ ಬಂದಿದೆ. ಪ್ರತಿ ಊರಲ್ಲೂ ಪಟ್ಟಣ ವ್ಯಾಪಾರ ಸಮಿತಿ ಇರಬೇಕು, ಅದರಲ್ಲಿ ಕನಿಷ್ಠ ಶೇ. 40ರಷ್ಟು ಸದಸ್ಯರು ಬೀದಿ ವ್ಯಾಪಾರಿಗಳೇ ಆಗಿರಬೇಕು, ಆ ಪೈಕಿ ಮೂರನೇ ಒಂದು ಭಾಗ ಹೆಂಗಸರು. ಎಲ್ಲಿ ವ್ಯಾಪಾರ ಮಾಡಬಹುದು, ಎಲ್ಲಿ ಮಾಡಬಾರದು, ಯಾವ ಹೊತ್ತಲ್ಲಿ ಅನ್ನೋದನ್ನ ಈ ಸಮಿತಿ ಜೊತೆ ಕೂತು ನಿಗದಿ ಮಾಡಬೇಕು. ಅಂದ್ರೆ ಸಂಜೆ ತಿಂಡಿ ಬೀದಿ ಮಾಡೋಕೆ ಹೊಸ ಕಾನೂನು ಬೇಕಾಗಿಲ್ಲ. ಬಂಡವಾಳಕ್ಕೆ 2020ರಿಂದ ಪಿ.ಎಂ. ಸ್ವನಿಧಿ ಸಾಲ ಇದೆ, ಸಣ್ಣ ಮೊತ್ತದಿಂದ ಶುರುವಾಗಿ, ಸರಿಯಾಗಿ ಕಟ್ಟಿದೋರಿಗೆ 50,000 ರೂಪಾಯಿವರೆಗೆ ಸಿಗುತ್ತೆ.

ಅಂಗಡಿ ಹೊತ್ತಿನ ವಿಷಯದಲ್ಲಿ ಒಂದು ತೊಡಕು. 2021ರ ಜನವರಿಯಲ್ಲಿ ರಾಜ್ಯ ಸರ್ಕಾರ 10 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರೋ ಅಂಗಡಿಗಳು 24 ಗಂಟೆ ತೆರೆದಿರಬಹುದು ಅಂತ ಅಧಿಸೂಚನೆ ಹೊರಡಿಸಿತ್ತು. ನಮ್ಮ ಪೇಟೆಯಲ್ಲಿ ಹತ್ತು ಜನ ಕೆಲಸದೋರು ಇರೋ ಅಂಗಡಿ ಬೆರಳಲ್ಲಿ ಎಣಿಸಬಹುದು. ಗಂಡ ಹೆಂಡತಿ ನಡೆಸೋ ಹೋಟೆಲಿಗೆ ಇದು ಅನ್ವಯ ಆಗಲ್ಲ. ಆದ್ರೆ ನಮಗೆ ಬೇಕಾಗಿರೋದು 24 ಗಂಟೆ ಅಲ್ಲವೇ ಅಲ್ಲ, ಸಂಜೆ ಐದರಿಂದ ರಾತ್ರಿ ಹತ್ತು. ಅಷ್ಟಕ್ಕೆ ಪುರಸಭೆ, ಪೊಲೀಸರು ಒಪ್ಪಿದ್ರೆ ಸಾಕು.

ಬಾಡಿಗೆ ಅನ್ನೋ ಭೂತ

ಇದನ್ನ ಯಾರೂ ಬಾಯಿಬಿಟ್ಟು ಹೇಳಲ್ಲ, ಅದಕ್ಕೇ ಬರೀತಿದೀನಿ. ಬೀದಿ ಕ್ಲಿಕ್ ಆಯ್ತು ಅಂದ್ರೆ ಮೊದಲು ಏರೋದು ಬಾಡಿಗೆ, ಆಮೇಲೆ ಅಡ್ವಾನ್ಸ್. ಕಟ್ಟಡ ಮಾಲೀಕರಿಗೆ ಖುಷಿ. ಇಪ್ಪತ್ತು ವರ್ಷದಿಂದ ಅಲ್ಲೇ ಟೈಲರಿಂಗ್ ಮಾಡ್ತಿದ್ದೋನು, ಸೈಕಲ್ ರಿಪೇರಿಯೋನು ಜಾಗ ಖಾಲಿ ಮಾಡ್ಬೇಕಾಗುತ್ತೆ, ಅಲ್ಲಿಗೆ ಯಾವುದೋ ಬ್ರಾಂಡಿನ ಚಿಕನ್ ಅಂಗಡಿ ಬರುತ್ತೆ. ಪ್ರವಾಸಿ ಊರುಗಳಲ್ಲೆಲ್ಲಾ ನಡೆಯೋ ಕಥೆ ಇದು. ಹಾಗಾಗಿ ಬಾಡಿಗೆಗೆ ಇರೋ ಅಂಗಡಿಯವರು ಇಂಥ ಯೋಜನೆಗೆ ಚಪ್ಪಾಳೆ ತಟ್ಟೋಕೆ ಮುಂಚೆ ತಮ್ಮ ಕರಾರು ಪತ್ರ ತೆಗೆದು ನೋಡ್ಕೊಳ್ಳಿ. ಎಷ್ಟು ವರ್ಷಕ್ಕಿದೆ, ವರ್ಷಕ್ಕೆ ಎಷ್ಟು ಪರ್ಸೆಂಟ್ ಏರಿಕೆ ಅಂತ ಬರೆದಿದೆ? ಬರೀ ಬಾಯಿಮಾತಲ್ಲಿ ನಡೀತಿದ್ರೆ ಈಗಲೇ ಬರೆಸ್ಕೊಳ್ಳೋದು ಒಳ್ಳೇದು. ವ್ಯಾಪಾರ ಏರಿದ ಮೇಲೆ ಯಾವ ಮಾಲೀಕರೂ ಹಳೇ ರೇಟಿಗೆ ಸಹಿ ಹಾಕಲ್ಲ. ಪುರಸಭೆ ಮಳಿಗೆಗಳಲ್ಲಿ ಇರೋರಿಗೆ ಇದರ ಬಿಸಿ ಮರುಹರಾಜಿನ ಹೊತ್ತಲ್ಲಿ ತಟ್ಟುತ್ತೆ.

ಕಸದ್ದೂ ಅಷ್ಟೇ. ಎರಡು ಸಂಜೆಯ ತಿಂಡಿ ಬೀದಿ ಅಂದ್ರೆ ಟ್ರ್ಯಾಕ್ಟರ್ ತುಂಬಾ ಪೇಪರ್ ಪ್ಲೇಟು, ಲೋಟ. ಮಾರನೇ ದಿನ ಬೆಳಗ್ಗೆ ಅದನ್ನ ಗುಡಿಸೋರು ಪೌರಕಾರ್ಮಿಕರು, ಈಗಲೇ ಕೆಲಸ ಹೆಚ್ಚಾಗಿದೆ ಅನ್ನೋರು. ಗಾಡಿಯವರಿಂದ ಒಂದು ಸಣ್ಣ ಶುಲ್ಕ ತಗೊಂಡು ರಾತ್ರಿಯೇ ಗುಡಿಸೋರನ್ನ ನೇಮಿಸದೇ ಇದ್ರೆ ಎರಡನೇ ವಾರಕ್ಕೇ ದೂರು ಶುರು.

ಮೊದಲ ಹೆಜ್ಜೆ ಎಲ್ಲಿ

ದೊಡ್ಡ ಪ್ರಾಜೆಕ್ಟ್ ರಿಪೋರ್ಟು, ಕನ್ಸಲ್ಟೆಂಟು ಅಂತ ಹೋದ್ರೆ ಹತ್ತು ವರ್ಷ. ಅದಕ್ಕಿಂತ ಗಾಂಧಿ ವೃತ್ತದಿಂದ ನಡ್ಕೊಂಡು ಹೋಗೋ ದೂರದಲ್ಲಿ ಒಂದೇ ಒಂದು ಅಡ್ಡ ರಸ್ತೆ, ಕೆಳಗೆ ಅಂಗಡಿ ಜಾಸ್ತಿ ಇದ್ದು ಮೇಲೆ ಮನೆ ಕಡಿಮೆ ಇರೋದು, ಆರಿಸ್ಕೊಳ್ಳಬೇಕು. ಶನಿವಾರ, ಭಾನುವಾರ ಸಂಜೆ. ಅಡಿಕೆ ದುಡ್ಡು ಓಡಾಡೋ, ಮಳೆ ಇಲ್ಲದ ತಿಂಗಳುಗಳು, ಅಂದ್ರೆ ನವೆಂಬರಿನಿಂದ ಫೆಬ್ರವರಿ. ಹದಿನೈದು ಇಪ್ಪತ್ತು ಗಾಡಿ. ಒಂದು ಮೂಲೆಯಲ್ಲಿ ಊರಿನ ಭಜನೆ ಮೇಳ, ಡೊಳ್ಳು, ಕಾಲೇಜು ಹುಡುಗರ ಆರ್ಕೆಸ್ಟ್ರಾ, ಯಾರು ಸಿಗ್ತಾರೋ ಅವರು, ಒಂಬತ್ತೂವರೆಗೆ ಬಂದ್. ಎರಡು ಟಾಯ್ಲೆಟ್, ಅದರಲ್ಲಿ ನೀರು. ಕಾರು ನಿಲ್ಲಿಸೋಕೆ ರಾತ್ರಿ ಖಾಲಿ ಇರೋ ಸರ್ಕಾರಿ ಶಾಲೆ ಮೈದಾನವೋ, ಕಚೇರಿ ಆವರಣವೋ. ಕೆಮ್ಮಣ್ಣುಗುಂಡಿ, ಲಕ್ಕವಳ್ಳಿ, ಅಮೃತಾಪುರ ಮೂರು ಕಡೆ ಒಂದೊಂದು ಬೋರ್ಡು, ಹೋಂಸ್ಟೇಯವರ ವಾಟ್ಸಾಪ್ ಗ್ರೂಪಿಗೆ ಒಂದು ಮೆಸೇಜು.

ನಾಲ್ಕು ತಿಂಗಳಲ್ಲಿ ಸುಮಾರು 35 ಸಂಜೆ ಆಗುತ್ತೆ. ಪ್ರತಿ ಸಂಜೆ ಎಷ್ಟು ಗಾಡಿ ನಿಂತಿತ್ತು, ಎಷ್ಟು ಕಾರು ಬಂತು, ಹೊರಗಿನ ನಂಬರ್ ಎಷ್ಟು ಅಂತ ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಬೈಪಾಸ್ ಪೂರ್ತಿ ತೆರೆಯೋ ಹೊತ್ತಿಗೆ ನಮ್ಮ ಕೈಯಲ್ಲೇ ಲೆಕ್ಕ ಇರುತ್ತೆ. ಆಗ ಹಳೇ ಬಿ.ಎಚ್. ರಸ್ತೆಯನ್ನ ಏನು ಮಾಡಬೇಕು ಅಂತ ಕೇಳಿದ್ರೆ ಉತ್ತರ ಹೇಳಬಹುದು. ಜನ ಬರ್ಲಿಲ್ವಾ, ಆ ರಸ್ತೆಗೆ ಒಳ್ಳೇ ಫುಟ್‌ಪಾತು, ಚರಂಡಿ, ಬೀದಿ ದೀಪ, ಪಾರ್ಕಿಂಗ್ ಮಾಡಿಸಿ, ಸುತ್ತಲ ಹಳ್ಳಿಯವರಿಗೆ ಅಚ್ಚುಕಟ್ಟಾದ ಪೇಟೆಯಾಗಿ ಇಟ್ಕೊಳ್ಳೋದು. ಅದೂ ಕಮ್ಮಿ ಕೆಲಸ ಅಲ್ಲ.

ಇದನ್ನೆಲ್ಲಾ ಕೇಳೋ ಜಾಗವೂ ಇದೆ. ಪುರಸಭೆಗಳು ಪ್ರತಿ ವರ್ಷ ಬಜೆಟ್‌ಗೆ ಮುಂಚೆ ಸಾರ್ವಜನಿಕರ ಪೂರ್ವಭಾವಿ ಸಭೆ ಕರೀತಾವೆ. ಅಂಥ ಸಭೆಯಲ್ಲಿ ಖಾಲಿ ಕುರ್ಚಿಗಳೇ ಜಾಸ್ತಿ ಇರ್ತವೆ, ಬಂದೋರು ಚರಂಡಿ, ನಲ್ಲಿ, ಬೀದಿ ನಾಯಿ ಬಗ್ಗೆ ಮಾತಾಡಿ ಟೀ ಕುಡಿದು ಹೋಗ್ತಾರೆ. ಈ ಸಲ ಬಿ.ಎಚ್. ರಸ್ತೆ ಹೋಟೆಲಿನವರು, ಬೇಕರಿಯವರು, ಬಂಗಾರದ ಅಂಗಡಿಯವರು, ಗಾಡಿಯವರು ಒಂದೇ ಅರ್ಜಿಗೆ ಸಹಿ ಹಾಕಿ ತಗೊಂಡು ಹೋಗಬಹುದು. ಅರ್ಜಿಯಲ್ಲಿ ಮೂರೇ ವಿಷಯ ಸಾಕು: ಪಟ್ಟಣ ವ್ಯಾಪಾರ ಸಮಿತಿ ಸಭೆ ಯಾವಾಗ, ಸಂಜೆ ಬೀದಿಗೆ ಯಾವ ರಸ್ತೆ, ಟಾಯ್ಲೆಟ್ಟಿಗೆ ಎಷ್ಟು ದುಡ್ಡು. ಅರ್ಜಿ ಕೊಟ್ಟಮೇಲೆ ಸ್ವೀಕೃತಿ ಇಸ್ಕೊಳ್ಳೋದು ಮಾತ್ರ ಮರೀಬೇಡಿ.